ಕಾಲು ನೆಲ ಮುಟ್ಟದ ಬೆಂಚು

ಮೂರು ವರ್ಷ ದಾಟಿದ ಮಗು ಬೆಂಚಿನ ಮೇಲೆ ಕೂತರೆ ಶಾಲೆ ಶುರುವಾಯಿತೆಂದು ನಾವು ನಂಬುತ್ತೇವೆ. ನರ್ಸರಿ ನೋಡಲು ಹೋದ ತಂದೆತಾಯಿಯ ಕಣ್ಣು ಮೊದಲು ಬೀಳುವುದು ಬೆಂಚು, ಡೆಸ್ಕುಗಳ ಮೇಲೆ. ಚಾಪೆ ಹಾಸಿದ ಅಂಗನವಾಡಿ ಬಡವರ ಜಾಗವಾಗಿ ಕಾಣುತ್ತದೆ. ಮಗುವಿನ ಮೈಯ ಲೆಕ್ಕದಲ್ಲಿ ನೋಡಿದರೆ ಈ ಅಂದಾಜು ತಲೆಕೆಳಗಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಂತೆ ನಾಲ್ಕು ತುಂಬಿದ ಮಗುವಿನ ಎತ್ತರ ಸುಮಾರು 103 ಸೆಂ.ಮೀ. ಅಷ್ಟೆತ್ತರದ ಮಗುವಿಗೆ ಯುರೋಪಿನ ಶಾಲಾ ಪೀಠೋಪಕರಣ ಮಾನದಂಡ ಹೇಳುವುದು 26 ಸೆಂ.ಮೀ. ಎತ್ತರದ ಕುರ್ಚಿ, 46 ಸೆಂ.ಮೀ. ಎತ್ತರದ ಮೇಜು. ದೊಡ್ಡವರ ಕುರ್ಚಿಯೇ 45 ಸೆಂ.ಮೀ. ಆಸುಪಾಸು ಇರುತ್ತದೆ. ದೊಡ್ಡ ತರಗತಿಯ ಬೆಂಚುಗಳನ್ನು ಎಲ್‌ಕೆಜಿಗೆ ತಂದು ಹಾಕಿದ ಕಡೆ ಮಗುವಿನ ಕಾಲು ಜೋತಾಡುತ್ತದೆ. ಪಾದಕ್ಕೆ ಆಸರೆ ಇಲ್ಲದಾಗ ಬೆಂಚಿನ ಅಂಚು ತೊಡೆಯನ್ನು ಒತ್ತುತ್ತದೆ, ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಬಾಗುತ್ತದೆ. ಡೆಸ್ಕು ಎದೆಮಟ್ಟಕ್ಕೆ ಬಂದರೆ ಭುಜ ಎತ್ತಿಕೊಂಡೇ ಬರೆಯಬೇಕು. ಇಷ್ಟರ ನಡುವೆ ಮಗು ಮಿಸುಕಾಡಿದರೆ ‘ಸುಮ್ಮನೆ ಕೂತ್ಕೋ’ ಎಂಬ ಗದರಿಕೆ ಬೀಳುತ್ತದೆ. ಆ ಮಿಸುಕಾಟ ಎಷ್ಟೋ ಸಲ ತುಂಟತನವಲ್ಲ, ನೋವಿನಿಂದ ಪಾರಾಗುವ ಪ್ರಯತ್ನ.

ಇದನ್ನು ಶತಮಾನದ ಹಿಂದೆಯೇ ಕಂಡವರು ಮರಿಯಾ ಮಾಂಟೆಸ್ಸರಿ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಝೋ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ಅವರು, ಮಕ್ಕಳನ್ನು ಅಲುಗಾಡದಂತೆ ಕಟ್ಟಿಹಾಕುವ ಡೆಸ್ಕುಗಳನ್ನು ತಿರಸ್ಕರಿಸಿದರು. ಮಗು ತಾನೇ ಎತ್ತಿಕೊಂಡು ಹೋಗಬಲ್ಲ ಹಗುರ ಮೇಜು, ಕುರ್ಚಿ ಮಾಡಿಸಿದರು. 1939ರಲ್ಲಿ ಭಾರತಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟರು. ಇಂದು ನಮ್ಮ ಊರೂರಿನ ನಾಮಫಲಕಗಳಲ್ಲಿ ಅವರ ಹೆಸರಿದೆ. ಎಷ್ಟೋ ಕಡೆ ಒಳಗೆ ಅವರು ಬೇಡವೆಂದ ಬೆಂಚುಗಳೇ ಇವೆ.

ನೆಲದ ಮೇಲೆ ಕೂತ ಮಗು ಚಕ್ಕಳಮಕ್ಕಳ ಹಾಕುತ್ತದೆ, ಕಾಲು ಚಾಚುತ್ತದೆ, ಮಂಡಿಯೂರುತ್ತದೆ, ಬೋರಲಾಗಿ ಮಲಗಿ ಚಿತ್ರ ಬರೆಯುತ್ತದೆ. ಭಂಗಿ ಬದಲಿಸಲು ಯಾರ ಅಪ್ಪಣೆಯೂ ಬೇಡ. ಮೂರು, ನಾಲ್ಕರ ವಯಸ್ಸಿನವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅವರನ್ನು ಕಟ್ಟಿ ಕೂರಿಸಬಾರದೆಂದೂ ಹೇಳಿತು. ಈ ಮಾತಿಗೆ ಒಗ್ಗುವುದು ಚಾಪೆಯೇ.

ಹಾಗೆಂದು ಅಂಗನವಾಡಿಯ ಕೊರತೆಗಳನ್ನೆಲ್ಲ ನೆಲದ ಹೊಗಳಿಕೆಯಲ್ಲಿ ಮುಚ್ಚಿಡಲಾಗದು. ಮಲೆನಾಡಿನ ಮಳೆಗಾಲದಲ್ಲಿ ತಣ್ಣಗೆ ಕೊರೆಯುವ ಸಿಮೆಂಟಿನ ಮೇಲೆ ತೆಳು ಚಾಪೆ ಏನೇನೂ ಸಾಲದು. ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಮಗು ಮಲಗಲಾರದು. ಅಂಗನವಾಡಿಗೆ ಕನಿಷ್ಠ 600 ಚದರ ಅಡಿ, ಬೇರೆ ಅಡುಗೆಕೋಣೆ, ಉಗ್ರಾಣ, ಮಕ್ಕಳಿಗೆ ಹೊಂದುವ ಶೌಚಾಲಯ ಇರಬೇಕೆಂಬುದು ಕೇಂದ್ರದ ನಿಯಮ. ನಗರದ ಬಾಡಿಗೆ ಕೋಣೆಗಳಲ್ಲಿ ಪಾಠ, ಒಲೆ, ರೇಷನ್ ಚೀಲ ಒಂದೇ ಕಡೆ ಸೇರಿರುವುದುಂಟು. ಕೈಗೆಟುಕದ ನಲ್ಲಿ, ಕಾಲು ಹಾಕಲು ಭಯವಾಗುವ ದೊಡ್ಡವರ ಕಮೋಡು, ಕತ್ತೆತ್ತಿ ನೋಡಬೇಕಾದ ಚಿತ್ರಪಟ ಇವೆಲ್ಲ ಮಗುವಿಗೆ ದಿನನಿತ್ಯದ ಅಡ್ಡಿಗಳು.

ಕಾರ್ಯಕರ್ತೆ, ಸಹಾಯಕಿಯರ ಮೈಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ದಿನವಿಡೀ ಬಗ್ಗಿ ಏಳುವುದು, ಮಗುವನ್ನು ಎತ್ತುವುದು, ಚೀಲ ಸರಿಸುವುದು, ನೆಲದ ಮೇಲೆ ಕೂತೇ ರಿಜಿಸ್ಟರ್ ತುಂಬುವುದು ಅವರ ಕೆಲಸ. ಬೆನ್ನಿಗೆ ಒರಗು ಇರುವ ಗಿಡ್ಡ ಕುರ್ಚಿ ಅವರಿಗೆ ಸವಲತ್ತಲ್ಲ, ಕೆಲಸದ ಸಲಕರಣೆ. ಸೊಂಟ ನೋಯುವವರ ಕೈಯಲ್ಲಿ ಮಗುವಿನ ಆರೈಕೆಯೂ ಸೊರಗುತ್ತದೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅರ್ಧ ಶತಮಾನ ಕಳೆದು ಈಗ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಕೆಲಸ ನಡೆದಿದೆ. ಹೆಜ್ಜೆ ಸ್ವಾಗತಾರ್ಹ, ಆದರೆ ಖಾಸಗಿ ನರ್ಸರಿಯ ಬೆಂಚು ಅದರ ಹಿಂದೆ ಬರಬಾರದು. ಬರುವ ಹಣದಲ್ಲಿ ದಪ್ಪ ಚಾಪೆ, ಗಿಡ್ಡ ಮೇಜು, ಮಗುವಿನ ಅಳತೆಯ ಹಗುರ ಕುರ್ಚಿ, ಕೈಗೆಟುಕುವ ನಲ್ಲಿ, ಮಕ್ಕಳ ಶೌಚಾಲಯ ಮೊದಲು ಬರಲಿ. ಖರೀದಿ ಪಟ್ಟಿಗೆ ಸಹಿ ಹಾಕುವ ಅಧಿಕಾರಿಗಳು ಅದಕ್ಕೂ ಮುನ್ನ ಟೇಪು ಹಿಡಿದು ಮಕ್ಕಳ ಎತ್ತರ ಅಳೆಯಲಿ.