ಕರಾಳ, ಹೀನದಂತ, ವಿದಂತ: ಅಶ್ವಶಾಸ್ತ್ರದ ಮೂರು ಪದಗಳ ವಿಮರ್ಶೆ

ಪ್ರಾಚೀನ ಅಶ್ವಶಾಸ್ತ್ರವು ಕುದುರೆಯ ಬಾಯನ್ನು ಎರಡು ಉದ್ದೇಶಗಳಿಂದ ಪರೀಕ್ಷಿಸುತ್ತದೆ. ಒಂದು, ವಯಸ್ಸಿನ ನಿರ್ಣಯ. ಇನ್ನೊಂದು, ಶುಭಾಶುಭ ಲಕ್ಷಣಗಳ ನಿರ್ಣಯ. ಮೊದಲನೆಯದು ಶುದ್ಧ ವೀಕ್ಷಣೆಯ ಫಲ; ಎರಡನೆಯದರಲ್ಲಿ ವೀಕ್ಷಣೆಯೂ ಶಕುನವೂ ಬೆರೆತಿವೆ. ಈ ಎರಡು ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ಓದದಿದ್ದರೆ, ಎಳೆಯ ಕುದುರೆಗಳ ದಂತವಿನ್ಯಾಸದ ದೋಷಗಳನ್ನು ಸೂಚಿಸುವ ಪದಗಳು ಕೇವಲ ಅಪಶಕುನದ ಹೆಸರುಗಳಾಗಿ ಉಳಿದುಬಿಡುತ್ತವೆ.

ವಯೋನಿರ್ಣಯಕ್ಕೆ ಉತ್ತಮ ನಿದರ್ಶನ 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ. ಅದರ ಅಶ್ವಲಕ್ಷಣ ಪ್ರಕರಣದ ಪ್ರಕಾರ ಆರು ಬಿಳಿಯ ಹಲ್ಲುಗಳಿದ್ದರೆ ಅದು ಮರಿ. ಅವು ಕಂದುಬಣ್ಣಕ್ಕೆ ತಿರುಗಿದಾಗ ಎರಡು ವರ್ಷ. ನಡುವಿನ, ಅದರ ಪಕ್ಕದ ಹಾಗೂ ಕೊನೆಯ ಜೋಡಿಗಳು ಬಿದ್ದು ಮತ್ತೆ ಮೂಡಿದಾಗ ಕ್ರಮವಾಗಿ ಮೂರು, ನಾಲ್ಕು, ಐದು ವರ್ಷ. ಪ್ರತಿ ದವಡೆಯಲ್ಲಿ ಆರು ಬಾಚಿಹಲ್ಲುಗಳಿದ್ದು, ಸುಮಾರು 2½, 3½ ಮತ್ತು 4½ ವರ್ಷಗಳಲ್ಲಿ ಅವುಗಳ ಹಾಲುಹಲ್ಲುಗಳು ಬದಲಾಗುತ್ತವೆಂಬ ಇಂದಿನ ಪಶುವೈದ್ಯದ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಹೊಸ ಹಲ್ಲು ಮೂಡಿ ಎದುರಿನ ಹಲ್ಲಿಗೆ ತಾಗಲು ಕೆಲವು ತಿಂಗಳುಗಳು ಬೇಕು. ಅಲ್ಲಿಗೆ ಶಾಸ್ತ್ರೋಕ್ತ ವರ್ಷ ತುಂಬುತ್ತದೆ.

ಲಕ್ಷಣಭಾಗದ ಸ್ಥಿತಿ ಬೇರೆ. ಅಗ್ನಿಪುರಾಣದಲ್ಲಿ ಶಾಲಿಹೋತ್ರನು ಸುಶ್ರುತನಿಗೆ ಹೇಳುವ ಅಶ್ವಪ್ರಕರಣವು ನಿಂದ್ಯವಾದ ಕುದುರೆಗಳ ಪಟ್ಟಿಯೊಂದಿಗೆ ಆರಂಭವಾಗುತ್ತದೆ. ಹೀನದಂತ, ವಿದಂತ, ಕರಾಳ ಎಂಬ ಮೂರು ಪದಗಳು ಅಲ್ಲಿ ಮೊದಲು ಬರುತ್ತವೆ. ಅವುಗಳ ಬೆನ್ನಿಗೇ ಕಪ್ಪು ಅಂಗುಳ, ಕಪ್ಪು ನಾಲಗೆ, ಅವಳಿ ಜನನ, ಕೊಂಬು, ಹುಲಿಬಣ್ಣ ಮುಂತಾದವು ಬರುತ್ತವೆ. ಮೇವು ತಿನ್ನಲು ಅಡ್ಡಿಯಾಗುವ ನ್ಯೂನತೆಯೂ ಯಾವ ಬಾಧೆಯನ್ನೂ ಕೊಡದ ಬಣ್ಣವೂ ಒಂದೇ ಸಾಲಿನಲ್ಲಿ ಒಂದೇ ತೀರ್ಪಿಗೆ ಒಳಗಾಗಿವೆ. ಪಟ್ಟಿಯ ಮುಖ್ಯ ದೌರ್ಬಲ್ಯವಿದು.

ಕರಾಳವೆಂದರೆ ಭಯಂಕರವೆಂಬ ಅರ್ಥ ಕನ್ನಡ ಓದುಗರಿಗೆ ಸಹಜವಾಗಿ ತೋರುತ್ತದೆ. ಸಂಸ್ಕೃತದಲ್ಲಿ ಹಲ್ಲುಗಳು ಹೊರಚಾಚಿದ, ಬಾಯಿ ತೆರೆದಂತಿರುವ ಎಂಬ ಅರ್ಥವೂ ಅದಕ್ಕಿದೆ. ಎರಡು ದಂತದೋಷಗಳ ಜೊತೆಯಲ್ಲಿ ಬಂದಿರುವುದರಿಂದ ಇಲ್ಲಿ ಈ ಅರ್ಥವೇ ಗ್ರಾಹ್ಯ. ಕೆಲವು ಮರಿಗಳಲ್ಲಿ ಮೇಲ್ದವಡೆ ಮುಂದಕ್ಕೆ ಚಾಚಿ, ಮೇಲಿನ ಬಾಚಿಹಲ್ಲುಗಳು ಗಿಳಿಯ ಕೊಕ್ಕಿನಂತೆ ಕೆಳಗಿನವುಗಳನ್ನು ಮುಚ್ಚುತ್ತವೆ. ಅಪರೂಪಕ್ಕೆ ಕೆಳದವಡೆಯೇ ಮುಂದಾಗಿರುತ್ತದೆ. ಕುದುರೆಯ ಹಲ್ಲು ವರ್ಷಕ್ಕೆ ಸುಮಾರು 2–3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಎದುರಿನ ಹಲ್ಲಿನ ಉಜ್ಜುವಿಕೆಯಿಂದ ಅದು ಸಮನಾಗಿರುತ್ತದೆ. ಮೇಲ್ದವಡೆ ಮುಂದಾದಲ್ಲಿ ದವಡೆಹಲ್ಲಿನ ಮೇಲ್ಸಾಲಿನ ಮೊದಲ ಹಲ್ಲೂ ಕೆಳಸಾಲಿನ ಕೊನೆಯ ಹಲ್ಲೂ ಭಾಗಶಃ ಸವೆಯದೆ ಕೊಕ್ಕೆಗಳಾಗಿ ಬೆಳೆಯಬಹುದು. ಕರಾಳ ಎಂಬ ಪದ ಹೊರಗೆ ಕಾಣುವ ರೂಪವನ್ನಷ್ಟೇ ಹಿಡಿದಿದೆ. ಯಾವ ದವಡೆ ಎಂಬುದನ್ನಾಗಲಿ, ಒಳಗಿನ ಈ ಪರಿಣಾಮವನ್ನಾಗಲಿ ಅದು ಹೇಳುವುದಿಲ್ಲ.

ಹೀನದಂತ ಮತ್ತು ವಿದಂತಗಳ ವಿಷಯದಲ್ಲಿ ವಯಸ್ಸನ್ನು ಬಿಟ್ಟು ತೀರ್ಪು ನೀಡುವುದು ಇನ್ನೂ ಅಪಾಯಕರ. ಹಲ್ಲು ಹುಟ್ಟಿನಿಂದಲೇ ಇಲ್ಲದಿರುವುದು ಒಂದು. ಹಾಲುಹಲ್ಲು ಬಿದ್ದು ಹೊಸದು ಪೂರ್ಣ ಬೆಳೆಯುವವರೆಗೆ ಸಾಲು ಕುಂದಿದಂತೆ ತೋರುವುದು ಇನ್ನೊಂದು. ಕೆಲವೊಮ್ಮೆ ಹಾಲುಹಲ್ಲು ಬೀಳದೆ ನಿಂತು, ಹೊಸ ಬಾಚಿಹಲ್ಲು ಅದರ ಹಿಂದೆ ಮೂಡಿ ಸಾಲು ವಕ್ರವಾಗುತ್ತದೆ. ಸಕಾಲದಲ್ಲಿ ಹಾಲುಹಲ್ಲನ್ನು ತೆಗೆದರೆ ಹೊಸದು ಬಹುಮಟ್ಟಿಗೆ ತನ್ನ ಸ್ಥಾನಕ್ಕೆ ಬರುತ್ತದೆ. ಇಂತಹ ಕಿಶೋರವನ್ನು ಮೂರನೆಯ ವರ್ಷದಲ್ಲಿ ವಿದಂತವೆಂದು ತಳ್ಳಿದವನು ಐದನೆಯ ವರ್ಷದ ಒಳ್ಳೆಯ ಕುದುರೆಯನ್ನು ಕಳೆದುಕೊಳ್ಳುತ್ತಾನೆ. ಬೃಹತ್ಸಂಹಿತೆಯ ಕಾಲಗಣನೆಯನ್ನು ಈ ಪಟ್ಟಿಯ ಪಕ್ಕದಲ್ಲಿರಿಸಿದರೆ ಈ ಭ್ರಮೆ ನಿವಾರಣೆಯಾಗುತ್ತದೆ.

ಆದರೆ ಆ ಗಣನೆಯೂ ಬಾಚಿಹಲ್ಲುಗಳಲ್ಲಿಯೇ ನಿಲ್ಲುತ್ತದೆ. ಸುಮಾರು 2½ರಿಂದ 4 ವರ್ಷಗಳ ನಡುವೆ ದವಡೆಯ 12 ಹಾಲುಹಲ್ಲುಗಳೂ ಬದಲಾಗುತ್ತವೆ. ಅವುಗಳ ಅವಶೇಷ ಹೊಸ ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಉಳಿದು ನೋವುಂಟುಮಾಡಬಹುದು. ಕಡಿವಾಣಕ್ಕೆ ಒಗ್ಗಿಸುವ ಕಾಲವೂ ಬಹುಮಟ್ಟಿಗೆ ಇದೇ. ತಲೆ ಕೊಡವುವ ಕಿಶೋರವನ್ನು ದುಷ್ಟವೆಂದು ಬಗೆಯುವ ಮೊದಲು ಬಾಯಿಯ ಒಳಭಾಗವನ್ನು ನೋಡಬೇಕಾಗುತ್ತದೆ.

ಹಾಗೆಂದು ಪ್ರಾಚೀನರ ನಿಷೇಧವು ಪೂರ್ಣವಾಗಿ ನಿರಾಧಾರವಲ್ಲ. ದವಡೆಯ ವೈಷಮ್ಯವು ವಂಶಪಾರಂಪರ್ಯವಾಗಿ ಬರಬಹುದೆಂಬ ಕಾರಣದಿಂದ ಇಂತಹ ಕುದುರೆಗಳನ್ನು ತಳಿಗೆ ಬಳಸಬಾರದೆಂದು ಇಂದಿನ ಪಶುವೈದ್ಯರೂ ಸಲಹೆ ನೀಡುತ್ತಾರೆ. ಸವಾರಿಗೆ ಮಾತ್ರ ಆ ನಿಷೇಧ ಸಲ್ಲದು: ಮರಿಯ ಮೊದಲ ತಿಂಗಳುಗಳಲ್ಲಿ ತಂತಿ ಕಟ್ಟಿ ಮೇಲ್ದವಡೆಯ ಬೆಳವಣಿಗೆಯನ್ನು ತಡೆಯಬಹುದು, ಬೆಳೆದ ಮೇಲೆ ನಿಯತಕಾಲಕ್ಕೆ ಅರದಿಂದ ಕೊಕ್ಕೆಗಳನ್ನು ಉಜ್ಜಿ ಮೇವು ತಿನ್ನಲು ಅನುಕೂಲ ಮಾಡಬಹುದು. ತ್ಯಾಜ್ಯವೆಂಬ ಒಂದೇ ಮಾತಿನಲ್ಲಿ ಈ ಎರಡು ಪ್ರಯೋಜನಗಳ ಭೇದ ಅಳಿಸಿಹೋಗಿದೆ.

ಕನ್ನಡದಲ್ಲಿ ಪಶುವೈದ್ಯ ಸಾಹಿತ್ಯಕ್ಕೆ ದೀರ್ಘ ಪರಂಪರೆಯಿದೆ. ಚಾಳುಕ್ಯ ವಂಶದ ಜೈನಕವಿ ಕೀರ್ತಿವರ್ಮನ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯ, ಪದ್ಮಣ ಪಂಡಿತನ ಹಯಸಾರಸಮುಚ್ಚಯ (1627) ಇದಕ್ಕೆ ಸಾಕ್ಷಿ. ಇಂತಹ ಕೃತಿಗಳ ಓಲೆಗಳನ್ನು ಶೋಧಿಸುವವರಿಗೆ ಛಂದಸ್ಸು, ವ್ಯಾಕರಣಗಳಷ್ಟೇ ವಸ್ತುಜ್ಞಾನವೂ ಆವಶ್ಯಕ. ದಂತವಾಚಕ ಪದವೊಂದು ಎದುರಾದಾಗ ಅದು ಯಾವ ವಯಸ್ಸಿನ ಪ್ರಾಣಿಗೆ ಅನ್ವಯಿಸುತ್ತದೆ, ಬಾಚಿಹಲ್ಲಿಗೋ ದವಡೆಹಲ್ಲಿಗೋ, ತಾತ್ಕಾಲಿಕವೋ ಶಾಶ್ವತವೋ ಎಂದು ವಿಚಾರಿಸಿದ ಬಳಿಕವೇ ಪಾಠವನ್ನು ನಿರ್ಣಯಿಸುವುದು ಯುಕ್ತ. ಅಶುಭವೆಂದು ಅರ್ಥ ಬರೆದು ಮುಂದೆ ಸಾಗಿದಲ್ಲಿ, ಲಾಯದಲ್ಲಿ ನಿಂತು ಬಾಯಿ ತೆರೆಸಿ ನೋಡಿದ ಪ್ರಾಚೀನ ವೈದ್ಯನ ಅನುಭವವು ಓಲೆಯಲ್ಲಿ ಉಳಿದೂ ಓದುಗನಿಗೆ ದೊರೆಯದೆ ಹೋಗುತ್ತದೆ.