ಕವಣೆಗಲ್ಲಿಗೆ ಕಣ್ಣು ಬಂದರೆ

ಮಕ್ಕಳ ಆಟವೊಂದರ ಕಲ್ಲಿನ ಪ್ರಾಣಿಯನ್ನು ಕುರಿತು ಸಾಹಿತ್ಯ ಪುರವಣಿಯಲ್ಲಿ ಬರೆಯುವುದು ಉಚಿತವೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಉಚಿತವೆಂದೇ ನನ್ನ ನಂಬಿಕೆ. ಪಂಚತಂತ್ರದ ನರಿಯನ್ನೂ ಕಾದಂಬರಿಯ ಗಿಳಿಯನ್ನೂ ನಾವು ವಿಮರ್ಶೆಗೆ ಎಳೆದು ತಂದಿದ್ದೇವೆ. ಕಲ್ಪಿತ ಪ್ರಾಣಿಯೊಂದು ಎದುರಾದಾಗ ಕೇಳತಕ್ಕ ಪ್ರಶ್ನೆ ಒಂದೇ: ಅದನ್ನು ಕಲ್ಪಿಸಿದವರು ತಮ್ಮ ಕಲ್ಪನೆಯನ್ನು ಕೊನೆತನಕ ನಂಬಿದರೆ, ಇಲ್ಲ ನಡುದಾರಿಯಲ್ಲಿ ಕೈಬಿಟ್ಟರೆ? ಈ ಪ್ರಾಣಿಯ ವಿಷಯದಲ್ಲಿ ಎರಡೂ ನಡೆದಿದೆ. ಅದಕ್ಕಾಗಿಯೇ ಈ ಬರಹ.

ಜಪಾನಿನಲ್ಲಿ 1996ರ ಫೆಬ್ರವರಿಯಲ್ಲಿ ಹೊರಬಂದ ‘ಪೋಕೆಮಾನ್’ ಎಂಬ ಆಟವನ್ನು ಸತೋಶಿ ತಾಜಿರಿ ಎಂಬವರು ರೂಪಿಸಿದರು. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಸುತ್ತಿದ್ದ ಗೀಳು ದೊಡ್ಡವರಾದ ಮೇಲೆ ಹೀಗೆ ಆಟವಾಯಿತಂತೆ. ಚಿತ್ರಗಳ ಹೊಣೆ ಹೊತ್ತವರು ಕೆನ್ ಸುಗಿಮೊರಿ. ಆಗ ಅದರಲ್ಲಿ ಇದ್ದದ್ದು 151 ಪ್ರಾಣಿಗಳು. 1997ರ ಏಪ್ರಿಲಿನಿಂದ ಅದೇ ಕಥೆ ಚಲಿಸುವ ಚಿತ್ರಮಾಲೆಯಾಯಿತು. 2003ರಲ್ಲಿ ನಮ್ಮ ದೂರದರ್ಶನ ಪೆಟ್ಟಿಗೆಗಳಿಗೆ ಹಿಂದಿಯಲ್ಲಿ ಬಂದಿತು. 2016ರ ಡಿಸೆಂಬರಿನಲ್ಲಿ ಮೊಬೈಲಿನ ಆಟವಾಗಿಯೂ ಭಾರತಕ್ಕೆ ಕಾಲಿಟ್ಟಿತು. ಮಕ್ಕಳಿಗೆಲ್ಲ ಅದರ ಹಳದಿ ಇಲಿಯೇ ಪ್ರಿಯ. ನನ್ನ ಕಣ್ಣು ಬಿದ್ದದ್ದು ಜಿಯೋಡ್ಯೂಡ್ ಎಂಬ ಕಲ್ಲಿನ ಮೇಲೆ. ನಲವತ್ತು ಸೆಂಟಿಮೀಟರು ಎತ್ತರ, ಇಪ್ಪತ್ತು ಕಿಲೋ ತೂಕ, ಗುಂಡುಕಲ್ಲಿನಂತಹ ಮೈಗೆ ಎರಡು ತೋಳು, ಒಂದು ಮುಖ. ಕಾಲಿಲ್ಲ.

ಮೊದಲು ಹೆಸರಿನ ಮಾತು. ಜಿಯೋಡ್ಯೂಡ್ ಎಂಬುದು ಇಂಗ್ಲಿಷಿಗೆ ತಂದವರು ಇಟ್ಟ ಹೆಸರು. ಭೂಮಿಗೆ ಸಂಬಂಧಿಸಿದ ಒಂದು ಗ್ರೀಕ್ ಪದಕ್ಕೆ ಅಮೆರಿಕದ ಹುಡುಗರ ಬೀದಿಮಾತನ್ನು ಅಂಟಿಸಿದ ಕೆಲಸ. ಜಪಾನಿಯ ಮೂಲದಲ್ಲಿ ಅದು ‘ಇಶಿತ್ಸುಬುತೆ’. ‘ಇಶಿ’ ಎಂದರೆ ಕಲ್ಲು, ‘ತ್ಸುಬುತೆ’ ಎಂದರೆ ಕೈಬೀಸಿ ಎಸೆಯುವ ಕಲ್ಲು. ನಮ್ಮಲ್ಲಿ ಇದಕ್ಕೆ ಮಾತು ಹುಡುಕಬೇಕಾಗಿಯೇ ಇಲ್ಲ. ಜೋಳದ ತೆನೆಗೆ ಹಾಲು ತುಂಬಿದಾಗ ಮಂಚಿಕೆಯ ಮೇಲೆ ನಿಂತು ಹಕ್ಕಿಗಳ ಕಡೆಗೆ ಬೀಸುವ ಕವಣೆಗಲ್ಲೇ ಅದು. ಇಂಗ್ಲಿಷಿನವರ ಹೆಸರಿನಲ್ಲಿ ಒಂದು ನಗೆಚಾಟಿಕೆಯಿದೆ. ಜಪಾನಿಯದರಲ್ಲಿ ಒಂದು ಕೈಯ ನೆನಪಿದೆ. ಕನ್ನಡದ ಹುಡುಗರ ಬಾಯಿಗೆ ಮೊದಲನೆಯದೇ ಬಿದ್ದದ್ದು ದುರ್ದೈವ.

ಆಟದೊಳಗೆ ಪ್ರತಿ ಪ್ರಾಣಿಯನ್ನು ಕುರಿತೂ ಎರಡು ಮೂರು ಸಾಲಿನ ವಿವರಣೆಯ ಒಂದು ಕೋಶವುಂಟು. ಆಟ ಹೊಸದಾಗಿ ಬಂದಾಗಲೆಲ್ಲ ಈ ವಿವರಣೆಯೂ ಬದಲಾಗುತ್ತ ಬಂದಿದೆ. ಜಿಯೋಡ್ಯೂಡನ್ನು ಕುರಿತ ಸಾಲುಗಳನ್ನೆಲ್ಲ ನಾನು ಒಟ್ಟಿಗೆ ಓದಿದೆ, ಓದಿ ಬೆರಗಾದೆ. ಅವುಗಳ ಸಾರ ಇಷ್ಟು: ಇದು ಬಯಲಿನಲ್ಲಿ, ಬೆಟ್ಟದ ಕಾಲುದಾರಿಯಲ್ಲಿ ಇರುತ್ತದೆ, ಬರಿಯ ಕಲ್ಲೆಂದು ಜನ ತುಳಿಯುತ್ತಾರೆ, ಎಡವುತ್ತಾರೆ, ಗಾಢನಿದ್ರೆಯಲ್ಲಿ ಮೈಯನ್ನು ಅರ್ಧ ನೆಲದಲ್ಲಿ ಹೂತುಕೊಂಡಿರುತ್ತದೆ, ಆಗ ತುಳಿದರೂ ಏಳದು, ಬೆಳಿಗ್ಗೆ ಎದ್ದು ಆಹಾರ ಅರಸಿ ಇಳಿಜಾರಿನಲ್ಲಿ ಉರುಳುತ್ತದೆ. ಇಷ್ಟೆ. ಹಾರಾಟವಿಲ್ಲ, ಬೆಂಕಿಯುಗುಳುವುದಿಲ್ಲ, ಶಾಪವರಗಳ ಗೊಡವೆಯಿಲ್ಲ. ಬರೆದವರಾರೋ, ಕಲ್ಲನ್ನು ಬಹಳ ಹೊತ್ತು ನೋಡಿ ಬರೆದಿದ್ದಾರೆ.

ಇದರ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಗೆ ಬರಬೇಕು. ರಾಯಚೂರಿನಿಂದ ಮಾನವಿಯ ಮೇಲೆ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಎಂಬ ನಮ್ಮ ಊರಿದೆ. ಎರೆಯ ಹೊಲ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹತ್ತಿದಲ್ಲಿ ನೆಲ್ಲಿನ ಗದ್ದೆ. ಆದರೆ ಈ ಸೀಮೆಯಲ್ಲಿ ಎತ್ತ ನಾಲ್ಕು ಹರದಾರಿ ಹೋದರೂ ಯಾರೋ ಆಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕೂತ ಗುಂಡುಗಳ ಗುಡ್ಡ ಎದುರಾಗದೆ ಇರದು. ಅಂತಹ ಒಂದು ಗುಂಡಿನ ಮೇಲೆ ನಾನು ದಣಿವಾರಿಸಿಕೊಳ್ಳಲು ಕೂತಿದ್ದಾಗ ನನ್ನ ಮೊಮ್ಮಗ, ಏಳು ವರ್ಷದವನು, ತೋಳು ಹಿಡಿದು ಎಳೆದ. “ತಾತಾ, ಅದ್ರ ಮ್ಯಾಲ ಕುಂದ್ರಬ್ಯಾಡ, ಮಲಗೈತದು.” ನಗುತ್ತ ಎದ್ದೆ. ಆದರೆ ಕಲ್ಲು ಮಲಗಿದೆ ಎಂಬ ಮಾತನ್ನು ನಮ್ಮ ಯಾವ ಪಠ್ಯಪುಸ್ತಕವೂ ಆ ಹುಡುಗನಿಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಪುರಾಣದಲ್ಲಿ ಕಲ್ಲಿಗೆ ಜೀವ ಬಂದದ್ದಿಲ್ಲವೆ ಎಂದು ಕೇಳಬಹುದು. ಬಂದಿದೆ, ಬಂದ ಒಡನೆ ಅದು ಕಲ್ಲಾಗಿ ಉಳಿದಿಲ್ಲ. ಅಹಲ್ಯೆಯ ಕಥೆಯಲ್ಲಿ ಕಲ್ಲುತನವೆಂಬುದು ಶಾಪ, ರಾಮನ ಪಾದ ತಾಕಿದೊಡನೆ ಕಳಚಬೇಕಾದ ಸ್ಥಿತಿ. ಪು. ತಿ. ನ. ಅವರು ಆ ಕಥೆಯನ್ನು ಗೀತನಾಟಕವಾಗಿ ಎಷ್ಟೋ ಎತ್ತರಕ್ಕೆ ಒಯ್ದರು; ಅಲ್ಲಿಯೂ ನಮ್ಮ ಲಕ್ಷ್ಯವೆಲ್ಲ ಹೆಣ್ಣಿನ ಮೇಲೆ, ಶಿಲೆಯ ಮೇಲಲ್ಲ. ನರಸಿಂಹ ಕಂಬವನ್ನು ಸೀಳಿ ಬಂದ. ಕಂಬದ ಗತಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ. ಮೈನಾಕ ಪರ್ವತಕ್ಕಂತೂ ರೆಕ್ಕೆಯಿತ್ತು, ಎಂದಮೇಲೆ ಅದು ಅರ್ಧ ಹಕ್ಕಿಯೇ. ಕಲ್ಲು ಕಲ್ಲಾಗಿಯೇ ಇದ್ದು, ತನ್ನ ಭಾರದಲ್ಲಿಯೇ, ತನ್ನ ಜಡತೆಯಲ್ಲಿಯೇ ಬದುಕಿರುವ ಚಿತ್ರ ನಮ್ಮ ಗ್ರಂಥಗಳಲ್ಲಿ ವಿರಳ.

ಗ್ರಂಥಗಳಲ್ಲಿ ವಿರಳ ಎಂದೆ, ಹೊಲದಲ್ಲಿ ಹಾಗಲ್ಲ. ಎಳ್ಳಮವಾಸ್ಯೆಯ ದಿನ ನಮ್ಮ ಕಡೆಯ ಒಕ್ಕಲಿಗರು ಹೊಲದಲ್ಲಿ ಐದು ಕಲ್ಲುಗಳನ್ನು ಸಾಲಾಗಿ ಇಟ್ಟು, ಸುಣ್ಣ ಬಳಿದು, ಕುಂಕುಮವಿಟ್ಟು, ಇವರು ಪಾಂಡವರು ಎನ್ನುತ್ತಾರೆ. ಎಡೆ ಹಿಡಿದು, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಆ ಕಲ್ಲಿಗೆ ಯಾರೂ ಮೂಗು ಬಾಯಿ ಕೆತ್ತುವುದಿಲ್ಲ. ಭೀಮನ ಕಲ್ಲಿಗೆ ಗದೆಯಿಲ್ಲ. ಮರುದಿನ ಅದು ಮತ್ತೆ ಹೊಲದ ಕಲ್ಲು. ಜಪಾನಿನ ಆ ಅನಾಮಧೇಯ ಲೇಖಕನ ಸಾಲುಗಳು ಈ ಭಾವಕ್ಕೆ ಬಹಳ ಹತ್ತಿರದವು; ನಮ್ಮ ಕವಿಗಳಿಗಿಂತ ನಮ್ಮ ಒಕ್ಕಲಿಗರಿಗೆ ಹತ್ತಿರದವು.

ಇನ್ನೊಂದು ವಿವರ ಇದಕ್ಕಿಂತಲೂ ಸೊಗಸಾದದ್ದು. ಜಿಯೋಡ್ಯೂಡ್ ಬದುಕಿದಷ್ಟೂ ಅದರ ಅಂಚುಗಳು ಸವೆದು ಮೈ ದುಂಡಗಾಗುತ್ತ ಹೋಗುತ್ತದಂತೆ. ಎದೆ ಮಾತ್ರ ಎಂದೆಂದಿಗೂ ಒರಟು. ನಮ್ಮ ಗುಡ್ಡಗಳ ಕಣಶಿಲೆಗೆ ವಯಸ್ಸು ಸುಮಾರು 250 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದು ಮೊದಲು ಚೌಕಚೌಕವಾಗಿ ಬಿರಿಯುತ್ತದೆ. ಬಿರುಕಿನಲ್ಲಿ ನೀರಿಳಿದು ಮೂಲೆಗಳನ್ನು ಮೊದಲು ತಿನ್ನುತ್ತದೆ. ಮೂಲೆ ಹೋದ ಮೇಲೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಕಳಚುತ್ತ ದುಂಡಗಾಗುತ್ತದೆ. ಒಳಗಿನ ತಿರುಳು ಮಾತ್ರ ಹಾಗೆಯೇ ಗಟ್ಟಿ. ಕಲ್ಲು ಒಡೆಯುವವರು ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಇದು ಎದ್ದ ಪದರ, ಇದು ತಿರುಳು ಎಂದು ಹೇಳಬಲ್ಲರು. ಮಕ್ಕಳ ಆಟದ ಎರಡು ಸಾಲಿನಲ್ಲಿ ಈ ಸತ್ಯ ಕೂತಿದೆ. ಹಿರಿಯರ ಒಳ್ಳೆಯ ಪಾತ್ರಚಿತ್ರಣದಲ್ಲಿಯೂ ಇದಕ್ಕಿಂತ ಹೆಚ್ಚಿನದು ಸಿಕ್ಕುವುದು ಅಪರೂಪ.

ಇಲ್ಲಿಗೆ ಹೊಗಳಿಕೆ ಸಾಕು.

ಮಾತಿನಲ್ಲಿ ಇಷ್ಟು ಸಂಯಮ ತೋರಿದ ಈ ಕಲ್ಪನೆ ಚಿತ್ರದಲ್ಲಿ ಹದಗೆಟ್ಟಿತು. ಚಿತ್ರಮಾಲೆಯ ಜಿಯೋಡ್ಯೂಡ್ ಗಾಳಿಯಲ್ಲಿ ತೇಲಾಡುತ್ತದೆ. ಕುಸ್ತಿಯವನಂತೆ ತೋಳು ಮಡಚಿ ತೋರಿಸುತ್ತದೆ. ಬಾಯಿ ತೆರೆದರೆ ತನ್ನ ಹೆಸರನ್ನೇ ಕೂಗಿಕೊಳ್ಳುತ್ತದೆ. ಎಲ್ಲ ಪ್ರಾಣಿಗಳೂ ಹಾಗೆಯೇ ಕೂಗುತ್ತವೆ, ಅದು ಆ ಚಿತ್ರಮಾಲೆಯ ಪದ್ಧತಿ ಎಂದು ಸಮಾಧಾನ ಹೇಳುವವರುಂಟು. ಇಲಿ ಕೂಗಲಿ, ಆಮೆ ಕೂಗಲಿ, ಕಲ್ಲು ಕೂಗಬೇಕೆ? ಸಿಂಧನೂರಿನ ಆಚೆ ಮಸ್ಕಿಯಲ್ಲಿ ಒಂದು ಬಂಡೆಯುಂಟು. ಚಿನ್ನದ ನೆಲೆ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು 1915ರಲ್ಲಿ ಅದರ ಮೇಲಿನ ಬರಹವನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದೆ ಇದ್ದ ದೊರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಆ ಬಂಡೆಯಿಂದ. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಒಂದು ಹೆಸರನ್ನು ಕಾಪಾಡಿಕೊಂಡಿತ್ತು, ಅದೂ ತನ್ನದಲ್ಲ. ಕಲ್ಲಿಗೆ ಮಾತು ಕೊಡಬೇಕೆಂದಿದ್ದರೆ ಇಂತಹ ಮಾತು ಕೊಡಬೇಕಾಗಿತ್ತು.

ಇದಕ್ಕಿಂತ ದೊಡ್ಡ ದೋಷ ಭಾರದ್ದು. ಈ ಆಟದಲ್ಲಿ ಹಿಡಿದ ಪ್ರಾಣಿಯನ್ನು ಒಂದು ಚೆಂಡಿನೊಳಗೆ ಅಡಗಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೆಸರೇ ಜೇಬಿನ ಭೂತ ಎಂದು. ಇಲಿಯನ್ನೂ ಹಕ್ಕಿಯನ್ನೂ ಜೇಬಿಗಿಳಿಸಿದರೆ ನನ್ನ ತಕರಾರಿಲ್ಲ. ಇಪ್ಪತ್ತು ಕಿಲೋ ಕಲ್ಲು, ನೂರೈದು ಕಿಲೋ ಗ್ರಾವೆಲರ್, ಮುನ್ನೂರು ಕಿಲೋ ಗೋಲೆಮ್, ಎಂಟು ಮುಕ್ಕಾಲು ಮೀಟರಿಗೂ ಮಿಕ್ಕಿ ಉದ್ದವಿರುವ ಓನಿಕ್ಸ್ ಎಂಬ ಕಲ್ಲಿನ ಹಾವು, ಇವೆಲ್ಲ ಒಬ್ಬ ಹುಡುಗನ ಸೊಂಟದಲ್ಲಿ! ಕೋಶದಲ್ಲಿ ತೂಕವನ್ನು ಬರೆದಿಟ್ಟವರು ಆಟದಲ್ಲಿ ಆ ತೂಕವನ್ನು ಯಾರಿಂದಲೂ ಹೊರಿಸಲಿಲ್ಲ. ಔಚಿತ್ಯವೆಂಬ ಹಳೆಯ ಮಾತಿಗೆ ಇಲ್ಲಿ ಕೆಲಸವಿದೆ. ಕಲ್ಲಿನ ಸ್ವಭಾವವೇ ಭಾರ. ಭಾರ ಕಳೆದ ಮೇಲೆ ಉಳಿಯುವುದು ಬರಿಯ ಬಣ್ಣ.

ರಾಯಚೂರಿನ ಕೋಟೆಯನ್ನು ನೋಡಿದವರಿಗೆ ನನ್ನ ಮಾತು ಬೇಗ ತಿಳಿದೀತು. ಗೋರೆ ಗನ್ನಯ್ಯ ರೆಡ್ಡಿಯ ಕಾಲದಲ್ಲಿ, 1294ರಲ್ಲಿ, ವಿಠಲನಾಥನೆಂಬವನು ಕಟ್ಟಿಸಿದ ಆ ಕೋಟೆಯ ಗೋಡೆಯಲ್ಲಿ ಒಂದು ಚಪ್ಪಡಿಯಿದೆ. ನಲವತ್ತು ಅಡಿಗೂ ಮಿಕ್ಕ ಉದ್ದ. ಓನಿಕ್ಸ್ ಅದರ ಪಕ್ಕದಲ್ಲಿ ಮಲಗಿದರೆ ಹತ್ತು ಅಡಿಗೂ ಹೆಚ್ಚು ಕಡಿಮೆ ಬೀಳುತ್ತದೆ. ಅದರ ಮೇಲಿನ ತೆಲುಗು ಶಾಸನವನ್ನು ಪಂಡಿತರು ಓದಲಿ. ನನಗೆ ಪ್ರಿಯವಾದದ್ದು ಹತ್ತಿರದ ಗೋಡೆಯಲ್ಲಿ ಗೀಚಿರುವ ಚಿತ್ರ: ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಇದೇ ಚಪ್ಪಡಿ, ಮುಂದೆ ಸಾಲುಸಾಲಾಗಿ ಕೋಣಗಳು, ಗಾಲಿಗೆ ಸನ್ನೆಕೋಲು ಕೊಡುತ್ತಿರುವ ಆಳುಗಳು. ಶಾಸನದಲ್ಲಿ ದೊರೆಯ ಕಡೆಯವರ ಹೆಸರಿದೆ; ಚಿತ್ರದಲ್ಲಿ ಬೆವರಿದೆ. ಇಂದಿಗೂ ಕಾರಹುಣ್ಣಿಮೆಗೆ ಅದೇ ಊರಿನಲ್ಲಿ ಎತ್ತುಗಳಿಂದ ಟನ್ನುಗಟ್ಟಲೆ ಭಾರದ ಕಲ್ಲು ಎಳೆಯಿಸುವ ಸ್ಪರ್ಧೆ ನಡೆಯುತ್ತದೆ. ಕಲ್ಲು ಒಂದು ಗೇಣು ಸರಿದರೆ ನೆರೆದ ಜನ ಕೇಕೆ ಹಾಕುತ್ತಾರೆ. ಆ ಒಂದು ಗೇಣಿನ ಬೆಲೆ ಜೇಬಿನ ಚೆಂಡಿಗೆ ತಿಳಿಯದು.

ಚಿತ್ರಮಾಲೆಯಲ್ಲಿ ಉಳಿದೆಲ್ಲ ದೋಷಗಳ ನಡುವೆ ಒಂದು ಕಂತು ಮಾತ್ರ ನಿಲ್ಲುವಂಥದು. ಅದು ಐದನೆಯದು. ಕಲ್ಲುಪ್ರಾಣಿಗಳ ಒಡೆಯ ಬ್ರಾಕ್ ಎಂಬ ಹುಡುಗ. ಅಡಿಗೆ ಮಾಡುತ್ತ, ಬಟ್ಟೆ ಹೊಲಿಯುತ್ತ, ಸಾಲು ತಮ್ಮತಂಗಿಯರನ್ನು ಸಾಕುವವನು. ಮನೆಬಿಟ್ಟು ಹೋದ ಅವನ ತಂದೆ, ವೇಷ ಮರೆಸಿಕೊಂಡು, ಅದೇ ಊರಿನ ಹೊರಗೆ ದಾರಿಯಲ್ಲಿ ಕೂತು ಕಲ್ಲು ಮಾರುತ್ತಿರುತ್ತಾನೆ. ಸಾಹಿತ್ಯವೆಂದರೆ ಇದು. ಕಲ್ಲಿನಂತೆ ನಿಂತವನು ಮಗ, ಉರುಳಿಹೋದವನು ತಂದೆ, ಅವನು ಮಾರುವ ಸರಕು ಮತ್ತೆ ಕಲ್ಲೇ. ಕಾಳಗದಲ್ಲಿ ಓನಿಕ್ಸ್ ಸೋಲುವ ಹಂತಕ್ಕೆ ಬರುವುದು ಮಿಂಚಿನಿಂದಲ್ಲ. ಕಿಚ್ಚು ಹತ್ತಿ ಮಾಡಿನ ನೀರು ತಾನಾಗಿ ಸುರಿದು ಅದರ ಮೈ ತೋಯ್ದಾಗ. ನಮ್ಮ ಗುಂಡುಗಳನ್ನು ಮಾಡಿದ್ದೂ ನೀರೇ ಅಲ್ಲವೆ? ತಮ್ಮತಂಗಿಯರು ಅಡ್ಡ ಬಂದು ಅಣ್ಣನ ಕಲ್ಲನ್ನು ಕಾಯುವ ಆ ನೋಟದಲ್ಲಿ ಮೊದಲ ಬಾರಿಗೆ ಕಲ್ಲಿಗೆ ಭಾರ ಬಂದಿದೆ. ಅದರ ಮೇಲೆ ಒಂದು ಮನೆ ನಿಂತಿದೆ ಎಂದು ನಮಗೆ ತಿಳಿಯುತ್ತದೆ.

ಕೊನೆಯದಾಗಿ ಬೆಳವಣಿಗೆಯ ವಿಷಯ. ಜಿಯೋಡ್ಯೂಡ್ ಪಳಗಿದಂತೆ ಗ್ರಾವೆಲರ್ ಆಗುತ್ತದೆ. ಗ್ರಾವೆಲರ್ ಗೋಲೆಮ್ ಆಗಬೇಕಾದರೆ ಎಷ್ಟು ಕಾದಾಡಿದರೂ ಆಗದು. ಅದನ್ನು ಇನ್ನೊಬ್ಬನಿಗೆ ಕೊಡಬೇಕು. ಮೊದಲಿನ ಆಟದಲ್ಲಿ ಎರಡು ಯಂತ್ರಗಳ ನಡುವೆ ತಂತಿ ಹೂಡಿ, ಎದುರಿಗೆ ಗೆಳೆಯನೊಬ್ಬ ಕೂತರೆ ಮಾತ್ರ ಸಾಧ್ಯವಿತ್ತು. ಒಂಟಿ ಹುಡುಗನಿಗೆ ಗೋಲೆಮ್ ಇಲ್ಲ. ಜೇಬಿನ ಚೆಂಡಿನಿಂದ ಕಳೆದುಕೊಂಡ ಭಾರವನ್ನು ಆಟ ಇಲ್ಲಿ ಬೇರೊಂದು ಬಗೆಯಲ್ಲಿ ಮರಳಿ ಪಡೆದಿದೆ ಎಂದೇ ನಾನು ಓದುತ್ತೇನೆ: ದೊಡ್ಡ ಕಲ್ಲು ಒಬ್ಬನ ಕೈಯಿಂದ ಸರಿಯತಕ್ಕದ್ದಲ್ಲ. ಮೊಬೈಲಿನ ಆಟಕ್ಕೆ ಬಂದಾಗ ಮಿಠಾಯಿ ಕೂಡಿಹಾಕಿ ತಿನ್ನಿಸಿದರೂ ಸಾಕು ಎಂದು ಮಾಡಿದರು. ಕಲ್ಲಿಗೆ ಮಿಠಾಯಿ! ನಮ್ಮಲ್ಲಿ ಕಲ್ಲುಸಕ್ಕರೆ ಇದೆ, ಸಕ್ಕರೆ ತಿನ್ನುವ ಕಲ್ಲಿಲ್ಲ.

ಹೀಗೆ ಕೈಯಿಂದ ಕೈಗೆ ದಾಟಿ ಆದ ಗೋಲೆಮ್ ವರ್ಷಕ್ಕೊಮ್ಮೆ ಮೈಚಿಪ್ಪು ಕಳಚುತ್ತದಂತೆ, ಡೈನಮೈಟಿಗೂ ಜಗ್ಗದಂತೆ. ಚಿಪ್ಪು ಕಳಚುವುದನ್ನು ನಮ್ಮ ಗುಡ್ಡಗಳೂ ಬಲ್ಲವು, ಅವುಗಳಿಗೆ ವರ್ಷ ಸಾಲದು, ಅಷ್ಟೆ. ಎರಡನೆಯ ವರ ಅವುಗಳಿಗಿಲ್ಲ. ಕುಳಿ ಕೊರೆದು, ಮದ್ದು ತುಂಬಿ, ಜನರನ್ನು ದೂರ ಸರಿಸಿ ಕಿಡಿ ಮುಟ್ಟಿಸಿದರೆ, ಮೂಲೆ ಸವೆಯಿಸಲು ಮಳೆ ಲಕ್ಷಾಂತರ ವರ್ಷ ತೆಗೆದುಕೊಂಡ ಗುಂಡು ಅದೇ ಸಂಜೆ ಜಲ್ಲಿಯಾಗಿ ಲಾರಿ ಹತ್ತುತ್ತದೆ. ಹೊಸ ರಸ್ತೆ ನಮಗೂ ಬೇಕು, ಮನೆಯ ಮಾಳಿಗೆಗೂ ಜಲ್ಲಿ ಬೇಕು. ಆ ಲೆಕ್ಕ ಬೇರೆ. ನನ್ನ ಮೊಮ್ಮಗ ಲೆಕ್ಕ ಹಾಕುವುದು ತನ್ನ ಕೋಶದಿಂದ. ಅದರ ಪ್ರಕಾರ ಗ್ರಾವೆಲರ್ ದಿನಕ್ಕೆ ಒಂದು ಟನ್ನು ಕಲ್ಲು ತಿನ್ನುತ್ತದೆ, ಅದರಲ್ಲೂ ಪಾಚಿ ಹಿಡಿದ ಕಲ್ಲೆಂದರೆ ಅದಕ್ಕೆ ಇಷ್ಟ. ಹಾಗಾದರೆ ಆ ಕ್ರಷರು ಎಷ್ಟು ತಿನ್ನುತ್ತದೆ ಎಂದು ಕೇಳಿದ. ಅಷ್ಟನ್ನು ಅದು ಗಂಟೆಯೊಳಗೇ ತಿಂದು ಮುಗಿಸುತ್ತದೆ, ಪಾಚಿಯ ರುಚಿಯೂ ಅದಕ್ಕೆ ಬೇಕಿಲ್ಲ ಎಂದೆ.