ಸಾವಿರ ಮೈಲಿಯ ಸವಾರಿ: ಟ್ಯಾಂಕಿನ ಲೆಕ್ಕ, ನಿದ್ದೆಯ ಲೆಕ್ಕ

ಮೋಟಾರ್ ಸೈಕಲ್ ಮೇಲೆ 24 ಗಂಟೆಯೊಳಗೆ 1,000 ಮೈಲಿ, ಅಂದರೆ 1,609 ಕಿ.ಮೀ. ಕ್ರಮಿಸಬೇಕು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ ರಸೀದಿಗಳನ್ನು ಸಾಕ್ಷ್ಯವಾಗಿ ಕಳಿಸಬೇಕು. ಹಾಗೆ ಮಾಡಿದವರಿಗೆ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಸ್ಥೆ ಪ್ರಮಾಣಪತ್ರ ನೀಡುತ್ತದೆ. ಈ ಸವಾರಿಗೆ 'ಸ್ಯಾಡಲ್ ಸೋರ್' ಎಂದು ಹೆಸರು. ಜೀನಿನ ಮೇಲೆ ಕೂತು ಕೂತು ಆಗುವ ಹುಣ್ಣು ಎಂದು ಅದರ ಅರ್ಥ. ಹೆಸರಿಟ್ಟವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ನಮ್ಮಲ್ಲಿಯೂ ಈ ಪ್ರಮಾಣಪತ್ರ ಪಡೆದವರಿದ್ದಾರೆ. ಬೆಂಗಳೂರಿನಿಂದ ಪುಣೆಗೆ ಹೋಗಿ ಅದೇ ಹೆದ್ದಾರಿಯಲ್ಲಿ ಹಿಂತಿರುಗಿದರೆ ಸಾವಿರ ಮೈಲಿ ದಾಟುತ್ತದೆ. ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತವರಲ್ಲೇ ಒಬ್ಬಿಬ್ಬರು ಇದರ ಕನಸು ಕಾಣುತ್ತಿರಬಹುದು. ಆದ್ದರಿಂದ ಈ ನಿಯಮವನ್ನೂ ಅದರ ಜೊತೆಗೆ ಬರುವ ಸಲಹೆಗಳನ್ನೂ ನಮ್ಮ ರಸ್ತೆಯ ಮೇಲಿಟ್ಟು ಪರೀಕ್ಷಿಸುವುದು ಅಗತ್ಯ. ಬೇಕಾಗುವುದು ಪ್ರೌಢಶಾಲೆಯ ಭೌತವಿಜ್ಞಾನ ಮತ್ತು ಕೂಡು-ಕಳೆಯುವ ಲೆಕ್ಕ, ಅಷ್ಟೇ.

ಮೊದಲು ನ್ಯಾಯವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಈ ಸಂಸ್ಥೆ ದೂರ ಸವಾರರಿಗಾಗಿ ಸಿದ್ಧಪಡಿಸಿರುವ ಸಲಹೆಗಳ ಪಟ್ಟಿ ಹುಡುಗಾಟದ್ದಲ್ಲ. ಅತಿ ವೇಗವನ್ನು ಮರೆತುಬಿಡಿ, ಹೊರಡುವ ಹಿಂದಿನ ದಿನ ಬೈಕಿಗೆ ಹೊಸ ಉಪಕರಣ ಜೋಡಿಸಬೇಡಿ, ನಿಮ್ಮ ಮಿತಿಯನ್ನು ಅರಿತು ಯೋಜನೆ ಹಾಕಿ ಎಂದೆಲ್ಲ ಅದು ಹೇಳುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು, ನಿಲ್ಲುವುದನ್ನು ಕಲಿತರೆ ಬೇಗ ತಲುಪುತ್ತೀರಿ ಎಂಬ ಸಲಹೆ. ಇದು ಒಗಟಿನಂತೆ ಕೇಳಿಸಿದರೂ ಲೆಕ್ಕ ಸರಿಯಾಗಿದೆ. 500 ಕಿ.ಮೀ. ದಾರಿಯನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಕ್ರಮಿಸಲು 6 ಗಂಟೆ 15 ನಿಮಿಷ ಬೇಕು. 90ರಲ್ಲಿ ಹೋದರೆ 5 ಗಂಟೆ 33 ನಿಮಿಷ. ಉಳಿತಾಯ 42 ನಿಮಿಷ. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳದೆ, ಬಂಕ್ ಹುಡುಕುತ್ತ, ಚಹಾದಂಗಡಿಯಲ್ಲಿ ಹರಟುತ್ತ ಕಳೆದರೆ ಆ 42 ನಿಮಿಷ ಒಂದೇ ನಿಲುಗಡೆಯಲ್ಲಿ ಕರಗಿಹೋಗುತ್ತದೆ.

ಆದರೆ ಸಲಹೆಗಳು ಎಷ್ಟೇ ಒಳ್ಳೆಯವಾದರೂ ಅವು ಕೂತಿರುವುದು ಒಂದು ಗಡುವಿನ ಮೇಲೆ. ನನ್ನ ತಕರಾರು ಆ ಗಡುವಿನ ಬಗ್ಗೆ. 70 ಮೈಲಿ, ಅಂದರೆ ಸುಮಾರು 112 ಕಿ.ಮೀ. ವೇಗಕ್ಕೆ ಕಾನೂನೇ ಅವಕಾಶ ಕೊಡುವ ಹೆದ್ದಾರಿಗಳು ಅಮೆರಿಕದಲ್ಲಿ ಸಾಮಾನ್ಯ. ಆ ವೇಗದಲ್ಲಿ ಸಾವಿರ ಮೈಲಿಗೆ 14 ಗಂಟೆ 20 ನಿಮಿಷ ಸಾಕು. ಊಟ, ವಿಶ್ರಾಂತಿ, ನಿದ್ದೆಗೆ ಒಂಬತ್ತೂವರೆ ಗಂಟೆ ಉಳಿಯುತ್ತದೆ. ಭಾರತದಲ್ಲಿ 2018ರ ಅಧಿಸೂಚನೆಯಂತೆ ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ಲಿಗೆ ಗರಿಷ್ಠ ವೇಗ 80 ಕಿ.ಮೀ. ಒಂದು ಕ್ಷಣವೂ ನಿಲ್ಲದೆ, ಒಮ್ಮೆಯೂ ಬ್ರೇಕ್ ಹಿಡಿಯದೆ ಆ ಗರಿಷ್ಠ ವೇಗದಲ್ಲೇ ಹೋದರೂ 1,609 ಕಿ.ಮೀ.ಗೆ 20 ಗಂಟೆಗಿಂತ ಹೆಚ್ಚು ಬೇಕು. ಉಳಿಯುವುದು ನಾಲ್ಕು ಗಂಟೆಗಿಂತ ಕಡಿಮೆ. ಹೀಗೆ ಅಲ್ಲಿ ಕಾನೂನಿನೊಳಗೆ ನಿದ್ದೆ ಮಾಡಿ ಮುಗಿಸಬಹುದಾದ ಸವಾರಿ ಇಲ್ಲಿ ಒಂದೋ ನಿದ್ದೆಯನ್ನು, ಇಲ್ಲವೇ ಕಾನೂನನ್ನು ಬಿಟ್ಟುಕೊಡಲು ಕೇಳುತ್ತದೆ. ವೇಗದ ರಸ್ತೆಗಳೇ ದೊರೆಯಲಿ ಎನ್ನುವಂತೆಯೂ ಇಲ್ಲ: ಬೆಂಗಳೂರು-ಮೈಸೂರು ದ್ರುತಮಾರ್ಗದ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು.

ಇನ್ನು ಇಂಧನದ ಲೆಕ್ಕಕ್ಕೆ ಬರೋಣ. 'ನನ್ನ ಗಾಡಿ ಲೀಟರಿಗೆ ಇಷ್ಟು ಕೊಡುತ್ತದೆ, ಟ್ಯಾಂಕ್ ಇಷ್ಟು ಲೀಟರ್, ಗುಣಿಸಿದರೆ ಇಷ್ಟು ದೂರ' ಎಂಬುದು ಎಲ್ಲ ಸವಾರರ ಸೂತ್ರ. ಇದರಲ್ಲಿ ವೇಗವೂ ಇಲ್ಲ, ಗಾಳಿಯೂ ಇಲ್ಲ. ಬೈಕ್, ಸವಾರ, ಸಾಮಾನು ಸೇರಿ 270 ಕೆ.ಜಿ. ಎಂದಿಟ್ಟುಕೊಳ್ಳಿ. ಚಕ್ರಗಳ ಉರುಳು ಘರ್ಷಣೆ ಸುಮಾರು 40 ನ್ಯೂಟನ್. ಇದು ವೇಗದೊಂದಿಗೆ ಹೆಚ್ಚು ಬದಲಾಗದು. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ನೇರವಾಗಿ ಕೂತ ಸವಾರನಿಗೆ ಅದು 60 ಕಿ.ಮೀ. ವೇಗದಲ್ಲಿ ಸುಮಾರು 100 ನ್ಯೂಟನ್, 80ರಲ್ಲಿ 178, 100ರಲ್ಲಿ 278. ಎರಡನ್ನೂ ಕೂಡಿದರೆ ಒಂದು ಕಿ.ಮೀ. ಸಾಗಲು ಬೇಕಾಗುವ ಕೆಲಸ ಕ್ರಮವಾಗಿ 140, 218, 318 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಅದರ ಐದನೇ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದುಕೊಂಡರೆ ಮೈಲೇಜ್ ಲೀಟರಿಗೆ ಸುಮಾರು 46, 29 ಮತ್ತು 20 ಕಿ.ಮೀ. ಆಗುತ್ತದೆ. ನಿಜದಲ್ಲಿ ದಕ್ಷತೆ ಎಲ್ಲ ವೇಗದಲ್ಲೂ ಒಂದೇ ಇರುವುದಿಲ್ಲವಾದ್ದರಿಂದ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು. ದಿಕ್ಕು ಮಾತ್ರ ಇದೇ. ಎದುರು ಗಾಳಿ 20 ಕಿ.ಮೀ. ವೇಗದಲ್ಲಿ ಬೀಸುತ್ತಿದ್ದರೆ 80ರಲ್ಲಿ ಹೋಗುವ ಸವಾರ ಗಾಳಿಯ ಪಾಲಿಗೆ 100ರಲ್ಲಿ ಹೋಗುತ್ತಿದ್ದಾನೆ. ವೇಗಮಾಪಕ ಇದನ್ನು ತೋರಿಸುವುದಿಲ್ಲ. ಇಂಧನದ ಮುಳ್ಳು ತೋರಿಸುತ್ತದೆ.

ಇದಕ್ಕೆ ಈಗ ಇನ್ನೊಂದು ಸಂಗತಿ ಸೇರಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎಥನಾಲಿನ ಶಕ್ತಿ ಲೀಟರಿಗೆ ಸುಮಾರು 21 ಮೆಗಾಜೂಲ್ ಆದ್ದರಿಂದ ಮಿಶ್ರಣದ್ದು 30ಕ್ಕೆ ಇಳಿಯುತ್ತದೆ, ಅಂದರೆ ಶೇ. 7ರಷ್ಟು ನಷ್ಟ. ಮಿಶ್ರಣಕ್ಕೆಂದೇ ಹೊಂದಿಸಿದ ಎಂಜಿನ್ ಇದರಲ್ಲಿ ಸ್ವಲ್ಪವನ್ನು ಮರಳಿಸಬಹುದು, ಪೂರ್ತಿಯಾಗಿ ಅಲ್ಲ. 13 ಲೀಟರ್ ಟ್ಯಾಂಕಿನ ಬೈಕ್ ಈ ಪೆಟ್ರೋಲಿನಲ್ಲಿ, 80ರ ವೇಗದಲ್ಲಿ, ಗಾಳಿಯಿಲ್ಲದ ದಿನ ಸುಮಾರು 350 ಕಿ.ಮೀ. ಹೋದೀತು, ಎದುರು ಗಾಳಿಯಿದ್ದರೆ 240. ಹೀಗಿರುವಾಗ 200 ಕಿ.ಮೀ.ಗೆ ಒಮ್ಮೆ ಹಾಕಿಸುತ್ತೇನೆ ಎನ್ನುವುದು ಅತಿ ಎಚ್ಚರಿಕೆಯಲ್ಲ, ಸರಿಯಾದ ಲೆಕ್ಕ. ಘಾಟಿ ಏರಿದರೆ ಪೆಟ್ರೋಲ್ ಕುಡಿದುಬಿಡುತ್ತದೆ ಎಂಬ ಭಯ ಮಾತ್ರ ಉತ್ಪ್ರೇಕ್ಷೆಯದು. ಆಗುಂಬೆಯಂಥ ಘಾಟಿಯಲ್ಲಿ 600 ಮೀಟರ್ ಏರಲು ಹೆಚ್ಚುವರಿಯಾಗಿ ಬೇಕಾಗುವುದು ಕಾಲು ಲೀಟರ್. ಸೂತ್ರ ನಿಮಗೆ ಗೊತ್ತಿರುವುದೇ. ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ ನೋಡಿ.

ಈಗ ಇದನ್ನೆಲ್ಲ ಒಂದು ಊರಿಗೆ ಅನ್ವಯಿಸೋಣ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯಿಂದ ಒಬ್ಬ ಯುವಕ ಹೊರಡುತ್ತಾನೆ ಎಂದು ಭಾವಿಸಿ. ಮೊದಲ ಎಡವಟ್ಟು ಹೆಸರಿನದೇ. ಕರ್ನಾಟಕದಲ್ಲಿ ಇನ್ನೊಂದು ಉಳವಿ ಇದೆ: ಚನ್ನಬಸವಣ್ಣನವರ ಸಮಾಧಿಯಿರುವ, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಿನೊಳಗಿನ ಉಳವಿ. ತಾಲ್ಲೂಕಿನ ಹೆಸರು ಸೇರಿಸದೆ ದಾರಿ ಕೇಳಿದರೆ ಮೊಬೈಲ್ ನಕ್ಷೆ ಯಾವ ಉಳವಿಗೆ ಕರೆದೊಯ್ಯುತ್ತದೆ ಎಂದು ಹೇಳಲಾಗದು. ರಿಸರ್ವ್‌ಗೆ ಬಿದ್ದ ಟ್ಯಾಂಕಿನೊಂದಿಗೆ ರಾತ್ರಿ ಆ ಕಾಡಿನ ದಾರಿ ಹಿಡಿದವನಿಗೆ ಮೇಲಿನ ಸಮೀಕರಣಗಳು ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಯುವಕ ಸೊರಬ, ಶಿರಾಳಕೊಪ್ಪ, ಶಿಕಾರಿಪುರ ದಾಟಿ ನಾಲ್ಕು ಪಥದ ಹೆದ್ದಾರಿ ಸೇರಬೇಕು. ಈ ಭಾಗವನ್ನು ಸುಮಾರು 100 ಕಿ.ಮೀ. ಎಂದಿಟ್ಟುಕೊಳ್ಳೋಣ. ಊರುಗಳು, ಉಬ್ಬುಗಳು, ಅಡ್ಡ ಬರುವ ದನಗಳು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಹರಡಿದ ಹುಲ್ಲು ಮತ್ತು ಒಣಗಲು ಹಾಕಿದ ಮೆಕ್ಕೆಜೋಳ. ಇಲ್ಲಿ ಗಂಟೆಗೆ 45 ಕಿ.ಮೀ. ಸರಾಸರಿ ಬಂದರೆ ಉತ್ತಮ. ಹೋಗುವಾಗ, ಬರುವಾಗ ಸೇರಿ 200 ಕಿ.ಮೀ.ಗೆ 4 ಗಂಟೆ 27 ನಿಮಿಷ. ಉಳಿದ 1,409 ಕಿ.ಮೀ.ಯನ್ನು 80ರಲ್ಲೇ ಸಾಗಿದರೂ 17 ಗಂಟೆ 37 ನಿಮಿಷ. ಒಟ್ಟು 22 ಗಂಟೆ 4 ನಿಮಿಷ. 200 ಕಿ.ಮೀ.ಗೆ ಒಂದರಂತೆ ಏಳು ಸಲ ಪೆಟ್ರೋಲ್, ಪ್ರತಿ ಸಲ 10 ನಿಮಿಷ, ಅಂದರೆ 70 ನಿಮಿಷ. ಇನ್ನುಳಿಯುವುದು 46 ನಿಮಿಷ. ಒಂದು ದಿನದ ಊಟ, ಶೌಚ, ನೀರು, ವಿಶ್ರಾಂತಿ, ನಿದ್ದೆ ಎಲ್ಲವೂ ಇದರಲ್ಲೇ ಮುಗಿಯಬೇಕು. ಮಳೆ ಬಂದರೆ, ಟೈರ್ ಪಂಕ್ಚರ್ ಆದರೆ, ಹಳ್ಳಿಯ ಬಂಕ್ ರಾತ್ರಿ ಮುಚ್ಚಿದ್ದರೆ ಅದೂ ಇಲ್ಲ. ಬಂಕ್ ಮುಚ್ಚಿದಾಗ ಕಿರಾಣಿ ಅಂಗಡಿಯಲ್ಲಿ ಬಾಟಲಿಯ ಪೆಟ್ರೋಲ್ ಕೊಳ್ಳುವ ರೂಢಿಯ ಬಗ್ಗೆ ಒಂದು ಮಾತು: ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸರಿಯಾಗಿ ಮುಚ್ಚದ ಬಾಟಲಿಯಲ್ಲಿ ನೀರಿನಂಶ ಹೆಚ್ಚಾದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ ದ್ರವವನ್ನೇ.

ಟ್ಯಾಂಕಿನ ಲೆಕ್ಕ ಹೀಗಾದರೆ ದೇಹದ್ದು ಇನ್ನೂ ಕಠಿಣ. ಸಾಮಾನ್ಯವಾಗಿ ಇಂಥ ಸವಾರರು ನಸುಕಿನ 4ಕ್ಕೆ ಹೊರಡುತ್ತಾರೆ, 3ಕ್ಕೆ ಎದ್ದಿರುತ್ತಾರೆ. ರಾತ್ರಿ 8ಕ್ಕೆ ಎದ್ದು 17 ಗಂಟೆ ಆಗುತ್ತದೆ. ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಶೇ. 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಇಟ್ಟಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ. 0.03. ಜೀವಮಾನದಲ್ಲಿ ಮದ್ಯ ಮುಟ್ಟದವನೂ ಆ ಹೊತ್ತಿಗೆ ಕುಡಿದು ಓಡಿಸುವವನ ಸ್ಥಿತಿಯಲ್ಲಿರುತ್ತಾನೆ. ಗಡುವಿನಲ್ಲಿ ಮೂರನೇ ಒಂದು ಭಾಗ, ಅಂದರೆ 500 ಕಿ.ಮೀ.ಗಿಂತ ಹೆಚ್ಚು ದೂರ ಇನ್ನೂ ಬಾಕಿ ಇರುತ್ತದೆ, ಅದೂ ಕತ್ತಲಲ್ಲಿ. ಕೊನೆಯ ಎರಡು ಗಂಟೆ, ನಡುರಾತ್ರಿ 2ರಿಂದ 4, ದೇಹದ ಜೈವಿಕ ಗಡಿಯಾರ ನಿದ್ದೆಯನ್ನು ಅತ್ಯಂತ ಬಲವಾಗಿ ಒತ್ತಾಯಿಸುವ ಹೊತ್ತು. 80ರ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಬೈಕ್ 67 ಮೀಟರ್ ಸಾಗಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ, ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಈ ಸ್ಥಿತಿಗೆ ಸಂಸ್ಥೆಯ ಪಟ್ಟಿ ಏನು ಹೇಳುತ್ತದೆ? ದಣಿದರೆ ನಿಲ್ಲಿ ಎನ್ನುತ್ತದೆ, ಕೆಫೀನ್ ಬಿಡಿ ಎನ್ನುತ್ತದೆ. ಎರಡನೆಯದು ಅರ್ಧ ಸರಿ. ದಿನವಿಡೀ ಕಾಫಿ ಕುಡಿದು ನಿದ್ದೆಯನ್ನು ಮುಂದೂಡುವುದು ಕೆಟ್ಟದ್ದೇ. ಆದರೆ ಒಂದು ಲೋಟ ಕಾಫಿ ಕುಡಿದು, ಅದು ರಕ್ತಕ್ಕೆ ಸೇರುವ ಮುನ್ನವೇ ಹದಿನೈದು ನಿಮಿಷ ಮಲಗಿ ಎದ್ದರೆ ಚಾಲಕರ ತೂಕಡಿಕೆ ತಗ್ಗುತ್ತದೆ ಎಂದು ಇಂಗ್ಲೆಂಡಿನ ಹಾರ್ನ್ ಮತ್ತು ರೇನರ್ 1990ರ ದಶಕದಲ್ಲೇ ತೋರಿಸಿದ್ದಾರೆ. ಅದು ಹತ್ತಿರದ ಊರು ಸೇರುವವರೆಗಿನ ಉಪಾಯ, ರಾತ್ರಿಯ ನಿದ್ದೆಗೆ ಬದಲಿಯಲ್ಲ. ಮೊದಲನೆಯ ಸಲಹೆಯ ತೊಂದರೆ ಬೇರೆ. ನಿಲ್ಲಬೇಕೋ ಬೇಡವೋ ಎಂದು ನಿರ್ಧರಿಸಬೇಕಾದ ಮಿದುಳೇ ದಣಿದಿರುತ್ತದೆ. ಅದಕ್ಕೇ ವೃತ್ತಿ ಚಾಲಕರ ವಿಷಯದಲ್ಲಿ ಕಾನೂನು ಈ ತೀರ್ಮಾನವನ್ನು ಅವರ ಕೈಗೆ ಬಿಡಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಯ ದುಡಿಮೆಯನ್ನು ಸಾಮಾನ್ಯ ಮಿತಿಯಾಗಿ ಇರಿಸಿತು. 5 ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕಡ್ಡಾಯ ಮಾಡಿತು. ಬಸ್ಸಿನ ಚಾಲಕನಿಗೆ ಸಲ್ಲದು ಎಂದುಕೊಂಡದ್ದನ್ನು ಎರಡು ಚಕ್ರದ ಮೇಲೆ ಸಮತೋಲನ ಕಾಯುತ್ತ, ಬಿಸಿಲು ಗಾಳಿಗೆ ಮೈಯೊಡ್ಡಿದವನಿಗೆ ಸಾಹಸ ಎಂದು ಕರೆಯುವುದು ವಿಚಿತ್ರ. ಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆ ಎಂಬುದೂ ಅವನಿಗೆ ತಿಳಿಯದು.

ಇಂಧನದ ನಿಲುಗಡೆಯನ್ನೇ ವಿಶ್ರಾಂತಿಯ ನಿಲುಗಡೆ ಎಂದು ಎಣಿಸುವುದು ಈ ಪದ್ಧತಿಯ ಮೂಲ ದೋಷ ಎಂದು ನನಗನಿಸುತ್ತದೆ. ದೇಹಕ್ಕೆ ಒಂದೂವರೆ, ಎರಡು ಗಂಟೆಗೊಮ್ಮೆ ಇಳಿದು ಅಡ್ಡಾಡುವುದು ಬೇಕು, ಟ್ಯಾಂಕಿನಲ್ಲಿ ಎಷ್ಟೇ ಇರಲಿ. ಸಣ್ಣ ಟ್ಯಾಂಕಿನ ಬೈಕಿನವನು ಅನಿವಾರ್ಯವಾಗಿ ನಿಲ್ಲುತ್ತಾನೆ, ತನಗೆ ತಿಳಿಯದೆಯೇ ಸುರಕ್ಷಿತನಾಗಿರುತ್ತಾನೆ. ದೂರ ಸವಾರಿಗೆಂದೇ ಇಪ್ಪತ್ತು ಲೀಟರಿನ ಟ್ಯಾಂಕ್ ಹೊತ್ತ ಬೈಕ್ ನಿಲ್ಲದಿರಲು ಆಮಿಷ ಒಡ್ಡುತ್ತದೆ. ಜೋಯಿಡಾದ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಹೋಗುವವರು ತಂಗುವ ಜಾಗವನ್ನು ಗೊತ್ತುಮಾಡುವುದು ಎತ್ತಿಗೆ ನೀರು, ಮೇವು, ಮಲಗಲು ನೆರಳು ಎಲ್ಲಿ ಎಂದು ನೋಡಿ. ಎತ್ತು ಮಲಗಿದಾಗ ಜನರೂ ಮಲಗುತ್ತಾರೆ. ಎಂಜಿನ್ನಿಗೆ ಮಲಗುವ ಅಗತ್ಯವಿಲ್ಲದ್ದರಿಂದ ಸವಾರನೂ ಮಲಗುವುದಿಲ್ಲ.

ರಸೀದಿಯ ಪುರಾವೆಯೂ ಹೀಗೆಯೇ. ಯಾವ ಬಂಕಿನಲ್ಲಿ, ಯಾವ ಹೊತ್ತಿಗೆ ಬೈಕಿನ ಹೊಟ್ಟೆ ತುಂಬಿತು ಎಂದು ಅದು ಹೇಳುತ್ತದೆ; ಸವಾರ ಯಾವ ಸ್ಥಿತಿಯಲ್ಲಿದ್ದ ಎಂದಲ್ಲ. ಸಂಸ್ಥೆಯವರದೇ ಇನ್ನೊಂದು ವರ್ಗದಲ್ಲಿ 1,500 ಮೈಲಿಗೆ 36 ಗಂಟೆ ಕೊಡುತ್ತಾರೆ. ಲೆಕ್ಕ ಹಾಕಿದರೆ ಅದರಲ್ಲೂ ಗಂಟೆಗೆ 67 ಕಿ.ಮೀ. ಎಂಬ ಅದೇ ಸರಾಸರಿ. ಗಡುವು ಹಿಗ್ಗಿದೆ, ಬಿಡುವು ಹಿಗ್ಗಿಲ್ಲ. ಭಾರತದಲ್ಲಿ ಇಂಥ ಸವಾರಿ ನಡೆಯಲೇಬೇಕೆಂದಿದ್ದರೆ ಇದೇ ದೂರಕ್ಕೆ ಮೂರು ದಿನ ಕೊಟ್ಟು, ರಾತ್ರಿ ತಂಗಿದ ಕೋಣೆಯ ರಸೀದಿಯನ್ನು ಪೆಟ್ರೋಲ್ ರಸೀದಿಯಷ್ಟೇ ಕಡ್ಡಾಯ ಮಾಡಬೇಕು. ಪ್ರಮಾಣಪತ್ರದ ಹೊಳಪು ಕಡಿಮೆಯಾಗುತ್ತದೆ, ನಿಜ.

ಅಧ್ಯಾಪಕರು ತರಗತಿಯಲ್ಲಿ ಎರಡು ಕೆಲಸ ಮಾಡಿಸಬಹುದು. ಪರವಾನಗಿ ಇರುವ ವಿದ್ಯಾರ್ಥಿಗಳು ಟ್ಯಾಂಕ್ ತುಂಬಿಸಿ, ಒಂದು ವಾರ 40ರಲ್ಲಿ, ಇನ್ನೊಂದು ವಾರ 60ರಲ್ಲಿ ಅದೇ ದಾರಿಯಲ್ಲಿ ಓಡಾಡಿ, ಮತ್ತೆ ತುಂಬಿಸಿದಾಗ ಹಿಡಿದ ಲೀಟರ್ ಬರೆದಿಟ್ಟು ಮೈಲೇಜ್ ಹೋಲಿಸಲಿ. ಎರಡನೆಯದು ಅಳತೆಪಟ್ಟಿಯ ಪ್ರಯೋಗ. ಒಬ್ಬರು 30 ಸೆ.ಮೀ. ಪಟ್ಟಿಯನ್ನು ಮೇಲಿನಿಂದ ಬಿಡಲಿ, ಇನ್ನೊಬ್ಬರು ಬೆರಳುಗಳಲ್ಲಿ ಹಿಡಿಯಲಿ. 20 ಸೆ.ಮೀ. ಬಿದ್ದ ಮೇಲೆ ಹಿಡಿದರೆ ಪ್ರತಿಕ್ರಿಯೆಯ ಕಾಲ 0.2 ಸೆಕೆಂಡು. ಚೆನ್ನಾಗಿ ಮಲಗಿದ ಬೆಳಿಗ್ಗೆ, ಪರೀಕ್ಷೆಗೆ ಓದಿ ನಿದ್ದೆಗೆಟ್ಟ ಬೆಳಿಗ್ಗೆ, ಹೀಗೆ ಎರಡು ಸಲ ಇಪ್ಪತ್ತಿಪ್ಪತ್ತು ಬಾರಿ ಅಳೆದು ಸರಾಸರಿಯನ್ನಷ್ಟೇ ಅಲ್ಲ, ಅತಿ ನಿಧಾನದ ಮೂರು ಅಳತೆಗಳನ್ನೂ ಹೋಲಿಸಿ. ನಿದ್ದೆಗೆಟ್ಟವನು ಹೆಚ್ಚಿನ ಬಾರಿ ಪಟ್ಟಿಯನ್ನು ಸಕಾಲಕ್ಕೇ ಹಿಡಿಯುತ್ತಾನೆ. ಗಮನಿಸಬೇಕಾದದ್ದು ಪಟ್ಟಿ ಪೂರ್ತಿಯಾಗಿ ನೆಲಕ್ಕೆ ಬಿದ್ದ ಆ ಒಂದೆರಡು ಸಲವನ್ನು.